ಸೆಲಾ ನುಂಗಿದ ಹುಡುಗ

"ಏ, ಸೆಲಾನ ಎಲ್ಲಿ ನುಂಗಿದ್ಯೋ?"

ಈ ವಾರ ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ, ರಾತ್ರಿ ಪ್ರಾರ್ಥನೆ ನಡುವೆ ಅಜ್ಜಿ ಮೊಮ್ಮಗನನ್ನು ತಡೆದು ಕೇಳಿದ ಮಾತು. ಕರೆಂಟ್ ಹೋಗಿ ಮೂರು ದಿನ. ಹಿತ್ತಲ ಧರೆ ಕುಸಿದು ಬಚ್ಚಲ ಗೋಡೆಗೆ ಒರಗಿತ್ತು. ಯಜಮಾನರು ಬಾಗಿಲ ಬಳಿ ಕೂತವರು ಮಾತೇ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಮೊದಲ ಸಲ ಹೊಡೆಸಿ 45 ದಿನ ದಾಟಿದೆ, ಎರಡನೆಯದಕ್ಕೆ ಮಳೆ ಹೊಳವು ಕೊಟ್ಟಿಲ್ಲ, ಹಸಿ ಅಡಿಕೆ ಬುಡದಲ್ಲಿ ಉದುರಿ ಕೊಳೆಯುತ್ತಿದೆ. ಮೊಮ್ಮಗ ಮೊಬೈಲ್ ಟಾರ್ಚಿನಲ್ಲಿ ಬೈಬಲಿನ 46ನೇ ಕೀರ್ತನೆಯನ್ನು, ನಡುವೆ ಬರುವ 'ಸೆಲಾ' ಎಂಬ ಪದ ಹಾರಿಸಿ, ಬಸ್ಸಿನ ಬೋರ್ಡು ಓದಿದ ಹಾಗೆ ಓದಿಕೊಂಡು ಹೋಗುತ್ತಿದ್ದ. ಇರುವುದೇ 11 ವಚನ. ಆ ವೇಗಕ್ಕೆ ಒಂದು ನಿಮಿಷವೂ ಬೇಡ.

"ಅದು ಓದೋದಲ್ಲ ಅಜ್ಜಿ."

"ಓದೋದಲ್ಲ, ಹೌದು. ನಿಲ್ಲೋದು."

ಅಜ್ಜಿ ಹೀಬ್ರೂ ಕಲಿತವರಲ್ಲ. ಆದರೆ ಹೇಳಿದ್ದು ತಪ್ಪಲ್ಲ. ಸೆಲಾ ಎಂಬ ಪದ ಕೀರ್ತನೆಗಳಲ್ಲಿ 71 ಸಲ ಬರುತ್ತದೆ. ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ: ಹಾಡು ನಿಲ್ಲಿಸಿ ಎನ್ನುವವರಿದ್ದಾರೆ, ವಾದ್ಯ ಏರಿಸಿ ಎನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದಾದರೂ ಬಾಯಿ ಮುಚ್ಚಬೇಕಾದದ್ದು ಓದುವವನೇ.

46ರಲ್ಲಿ ಅದು ಮೂರು ಕಡೆ ಇದೆ: 3, 7 ಮತ್ತು 11ನೇ ವಚನದ ಕೊನೆಗೆ. ಮೊದಲನೆಯದು ಎಲ್ಲಿ ಕೂತಿದೆ ನೋಡಿ. ಬೆಟ್ಟಗಳು ಸಮುದ್ರಕ್ಕೆ ಜಾರುತ್ತವೆ, ನೀರು ಭೋರ್ಗರೆಯುತ್ತದೆ, ಗುಡ್ಡ ನಡುಗುತ್ತದೆ. ಅಲ್ಲಿ ಸೆಲಾ. ದೇವರು ಆಶ್ರಯ ಎಂಬ ಮಾತು ಮೊದಲ ವಚನದಲ್ಲೇ ಬಂದಿದೆ, ಆದರೆ ಸಂತೋಷ ತರುವ ಹೊಳೆ ಬರುವುದು 4ರಲ್ಲಿ. ಹೆದರಿಕೆಯ ಎದುರಿಗೇ ನಿಲ್ಲಿಸಿಬಿಡುತ್ತದೆ. ಹುಡುಗ ಹಾರಿಸಿದ್ದು ಅದನ್ನೇ, ಗೋಡೆಯಾಚೆ ಧರೆಯ ಮಣ್ಣು ಹಸಿಯಾಗಿ ಬಿದ್ದಿರುವಾಗ.

ಪಕ್ಕದಲ್ಲಿದ್ದ ಅತ್ತೆ ಒಳ್ಳೆಯವರೇ, ಆದರೆ ಅವಸರದವರು. "ಸುಮ್ಮನಿರಿ, ನಾನೇ ದೇವರು ಅಂತ ತಿಳ್ಕೊಳ್ಳಿ, ಅಷ್ಟೇ ಅಲ್ವಾ" ಅಂದರು. ದಿನಾ ಬೆಳಿಗ್ಗೆ ಎಲ್ಲರ ವಾಟ್ಸಾಪಿಗೆ ತಾವರೆ ಕೊಳದ ಚಿತ್ರದ ಮೇಲೆ ಈ ಸಾಲು ಕಳಿಸುವವರು ಅವರೇ. ಅದು 10ನೇ ವಚನ. 9ರಲ್ಲಿ ಬಿಲ್ಲು ಮುರಿಯುತ್ತದೆ, ಭರ್ಜಿ ತುಂಡಾಗುತ್ತದೆ, ರಥ ಸುಡುತ್ತದೆ. ಆಮೇಲೆ ಬರುವ ಹೀಬ್ರೂ ಕ್ರಿಯಾಪದ 'ಹರ್ಪು': ಸಡಿಲ ಬಿಡಿ, ಕೈ ಬಿಡಿ. ಜೋಗುಳವಲ್ಲ, ಗದರಿಕೆ. ತಾವರೆ ಕೊಳಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಷ್ಟದ ದಿನಗಳಲ್ಲಿ ಕೀರ್ತನೆ ಹಿಡಿಯುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಸಿಹಿಯಾದದ್ದನ್ನು ಆರಿಸಿ ಓದುತ್ತಾರೆ, ಎರಡು ದಿನಕ್ಕೆ ಅದು ಸಪ್ಪೆಯಾಗುತ್ತದೆ. ದೂರಿನಿಂದ ಶುರು ಮಾಡುವುದು ವಾಸಿ. 13ನೆಯದರಲ್ಲಿ 6 ವಚನ. ಮೊದಲೆರಡರಲ್ಲೇ 'ಎಷ್ಟರವರೆಗೆ' ಎಂದು ನಾಲ್ಕು ಸಲ ಕೇಳುತ್ತದೆ, ಧ್ವನಿ ತಿರುಗುವುದು 5ಕ್ಕೆ. ಅದಕ್ಕೆ ಮೊದಲೇ ಓದುವವರು ತಿರುಗಿಸಬಾರದು. 88 ಅಂತೂ ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ತೆಗೆದುಹಾಕದೆ ಉಳಿಸಿಕೊಂಡರಲ್ಲ, ಆ ಹಳಬರ ಮೇಲೆ ಗೌರವ ಹುಟ್ಟುತ್ತದೆ.

ಓದುವುದು ಗಟ್ಟಿಯಾಗಿ, ಮನೆಮಾತಿನ ಧ್ವನಿಯಲ್ಲಿ. ಹೆಚ್ಚಿನ ವಚನಗಳಿಗೆ ಎರಡು ತುಂಡು, ಮೊದಲನೆಯದರ ಮಾತನ್ನೇ ಎರಡನೆಯದು ಹಲವು ಸಲ ಬೇರೆ ಪದದಲ್ಲಿ ಹೇಳುತ್ತದೆ. ನಡುವೆ ಒಂದು ಉಸಿರು. ಸೆಲಾ ಬಂದಲ್ಲಿ ನಾಲ್ಕೈದು ಉಸಿರು. ಹೀಗೆ ಓದಿದರೆ 46ಕ್ಕೆ ಐದು ನಿಮಿಷ ಬೇಕು. ಆ ಮೌನದಲ್ಲಿ ಸಾಲದ ಲೆಕ್ಕ ನುಗ್ಗುತ್ತದೆ, ನುಗ್ಗಲಿ. ಅದನ್ನು ಓಡಿಸಲು ಹೋದರೆ ಐದು ನಿಮಿಷವೂ ಅದಕ್ಕೇ ಹೋಗುತ್ತದೆ. ಕ್ರೈಸ್ತ ಮಠಗಳಿಗೆ ಕಟ್ಟಳೆ ಬರೆದ ಸಂತ ಬೆನೆಡಿಕ್ಟರ ನಿಯಮದಂತೆ 150 ಕೀರ್ತನೆಗಳೂ ವಾರದೊಳಗೆ ಮುಗಿಯಬೇಕು, ಆದರೆ ಅದು ಮಠದವರಿಗೆ. ಕೊಳೆ ಬಿದ್ದ ವಾರದಲ್ಲಿ ದಿನಕ್ಕೊಂದು ಸಾಕು. 176 ವಚನದ 119ಕ್ಕೆ ಮೊದಲ ದಿನವೇ ಕೈ ಹಾಕಬೇಡಿ. ಅಟ್ಟದಿಂದ ಲ್ಯಾಟಿನ್ ಕ್ರಮದ ಹಳೆ ಪ್ರಾರ್ಥನೆ ಪುಸ್ತಕ ಇಳಿಸಿದರೆ 46 ಅಲ್ಲಿ 45 ಆಗಿರುತ್ತದೆ; ಪುಟ ತಪ್ಪಿದೆ ಎಂದು ಜಗಳ ಬೇಡ.

ಮಲಗುವ ಮುಂಚೆಗೆ 131, ಮೂರೇ ವಚನ. ತಾಯಿಯ ಮಡಿಲಲ್ಲಿ ಹಾಲು ಬಿಡಿಸಿದ ಮಗುವಿನ ಹಾಗೆ ಪ್ರಾಣ ಸುಮ್ಮನಾಗಿದೆ ಎನ್ನುತ್ತದೆ. ಹಾಲು ಕುಡಿಯುವ ಕೂಸು ಎತ್ತಿಕೊಂಡ ತಕ್ಷಣ ಸೆರಗು ತಡಕುತ್ತದೆ. ಹಾಲು ಬಿಟ್ಟದ್ದು ತಡಕುವುದಿಲ್ಲ, ಒರಗಿ ಕೂರುತ್ತದೆ. ಬಿಡಿಸುವಾಗ ಅದು ಎಷ್ಟು ರಾತ್ರಿ ಅತ್ತಿತ್ತು ಎಂಬುದು ತಾಯಂದಿರಿಗೆ ಗೊತ್ತು.

ಅಜ್ಜಿ ಹುಡುಗನಿಂದ ಮತ್ತೆ ಮೊದಲಿನಿಂದ ಓದಿಸಿದರು. ನೀರು ಭೋರ್ಗರೆದಲ್ಲಿ ಅವನು ನಿಂತ. ಟಾರ್ಚ್ ಆರಿಸಿದ. ತಗಡಿನ ಮೇಲೆ ಮಳೆ, ಸೂರಿನ ಕೆಳಗಿನ ಹಂಡೆಗೆ ಬೀಳುವ ನೀರು. ಯಜಮಾನರು ಒಮ್ಮೆ ಉದ್ದಕ್ಕೆ ಉಸಿರು ಬಿಟ್ಟದ್ದೂ ಕೇಳಿಸಿತು. ಅತ್ತೆ ಸಹ ಸುಮ್ಮನಿದ್ದರು.

"ಮುಂದೆ ಓದ್ಲಾ ಅಜ್ಜಿ?"

"ಹ್ಞೂಂ, ಈಗ ಹೊಳೆ ಬರ್ತದೆ. ಓದು."