ಒಂದೇ ಪಾತ್ರೆ, ಸುತ್ತ ಎಲ್ಲರೂ: ಫ್ರಿಬೂರ್ಗಿನ ನಮ್ಮ ಮನೆಯ ಫಾಂಡ್ಯೂ

ಸ್ವಿಟ್ಜರ್ಲೆಂಡಿನ ಫ್ರಿಬೂರ್ಗಿನಲ್ಲಿ ಅಕ್ಟೋಬರ್ ಮುಗಿಯುವ ಹೊತ್ತಿಗೆ ಸಂಜೆ ಬೇಗ ಕತ್ತಲಾಗುತ್ತದೆ. ಅಲ್ಲಿಂದ ಮಾರ್ಚ್‌ವರೆಗೂ ಯಾರನ್ನೇ ಊಟಕ್ಕೆ ಕರೆಯಬೇಕೆಂದರೂ ನಮ್ಮ ಮನೆಯಲ್ಲಿ ಮೊದಲು ನೆನಪಾಗುವುದು ಫಾಂಡ್ಯೂ. ವೈನಿನಲ್ಲಿ ಕರಗಿಸಿದ ಚೀಸ್, ಅದರಲ್ಲಿ ಅದ್ದಿ ತಿನ್ನಲು ಬ್ರೆಡ್ ತುಂಡು. ಇಷ್ಟೇ ಊಟ. ಫೋನಿನಲ್ಲಿ ಹೇಳಿದರೆ ಅಮ್ಮ, "ಬಂದವರಿಗೆ ಬರೀ ಬ್ರೆಡ್ಡಾ?" ಅಂತ ಕೇಳುತ್ತಾಳೆ. ಅವಳು ಕೇಳುವುದರಲ್ಲಿ ತಪ್ಪೇನಿಲ್ಲ. ಬಂದವರ ಎಲೆ ತುಂಬ ಬಡಿಸುವುದನ್ನು ನೋಡಿ ಬೆಳೆದವರು ನಾವು.

ಆದರೆ ಆ ಊಟಗಳಲ್ಲಿ ಅಮ್ಮ, ಚಿಕ್ಕಮ್ಮ, ಅತ್ತೆ ಯಾರೂ ಕೂತು ತಿಂದದ್ದು ನನಗೆ ನೆನಪಿಲ್ಲ. ಅನ್ನ ಬಡಿಸಿ, ಹುಳಿ ಬಡಿಸಿ, "ಇನ್ನೊಂಚೂರು ಹಾಕಿಸ್ಕೊಳ್ಳಿ" ಎಂದು ಒತ್ತಾಯ ಮಾಡಿ, ಎಲ್ಲರೂ ಕೈತೊಳೆದ ಮೇಲೆ ಅವರ ಊಟ. ಅಷ್ಟು ಹೊತ್ತಿಗೆ ಮಾತೂ ಮುಗಿದಿರುತ್ತದೆ. ಫಾಂಡ್ಯೂ ನನಗೆ ಇಷ್ಟವಾಗಲು ಇದೇ ಕಾರಣ. ಪಾತ್ರೆ ಮೇಜಿನ ಮಧ್ಯಕ್ಕೆ ಬಂದ ಮೇಲೆ ಬಡಿಸುವ ಕೆಲಸವೇ ಇಲ್ಲ. ಅಡುಗೆ ಮಾಡಿದವಳೂ ಮೊದಲ ತುತ್ತಿಗೇ ಕೂರುತ್ತಾಳೆ. ಎರಡು ಗಂಟೆ ಎಲ್ಲರೂ ಒಂದೇ ಪಾತ್ರೆಯ ಸುತ್ತ. ಅತಿಥಿಯ ಜೊತೆ ಇರಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಊಟ ನಾನಂತೂ ಕಂಡಿಲ್ಲ.

ನಮ್ಮೂರಿನ ಫಾಂಡ್ಯೂಗೆ ಮ್ವಾತಿಯೆ-ಮ್ವಾತಿಯೆ ಅನ್ನುತ್ತಾರೆ. ಅರ್ಧ ಗ್ರುಯೇರ್, ಅರ್ಧ ವಾಶ್ರ್ಯಾನ್ ಫ್ರಿಬೂರ್ಜ್ವಾ. ಎರಡೂ ಈ ಕ್ಯಾಂಟನ್ನಿನವರ, ಅಂದರೆ ಇಲ್ಲಿನ ರಾಜ್ಯದವರ, ಹೆಮ್ಮೆಯ ಚೀಸ್. ಗ್ರುಯೇರ್ ಗಟ್ಟಿ, ಕನಿಷ್ಠ ಐದು ತಿಂಗಳು ಮಾಗಿದ್ದು. ರುಚಿಯ ಖಾರ, ಉಪ್ಪು ಎಲ್ಲ ಅದರದ್ದು. ವಾಶ್ರ್ಯಾನ್ ಮೆತ್ತಗೆ. ಪಾತ್ರೆಗೆ ಕೆನೆಯ ನುಣುಪು ಕೊಡುವುದು ಅದು. ನ್ಯೂಶಾಟೆಲ್ ಕಡೆಯವರು ಗ್ರುಯೇರ್ ಜೊತೆ ಎಮೆಂಟಾಲ್ ಹಾಕುತ್ತಾರೆ. ವಾಲೇ ಕಡೆ ಟೊಮೆಟೊ ಹಾಕಿ ಮಾಡಿ, ಬೇಯಿಸಿದ ಆಲೂಗಡ್ಡೆ ಮೇಲೆ ಸುರಿದುಕೊಂಡು ತಿನ್ನುವ ಒಂದು ಬಗೆ ಇದೆ. ಹುಳಿ ಇಷ್ಟಪಡುವ ನಮ್ಮವರಿಗೆ ಅದು ಬೇಗ ಹಿಡಿಸುತ್ತದೆ. ಯಾವುದು ನಿಜವಾದ ಫಾಂಡ್ಯೂ ಅಂತ ಇಲ್ಲಿನವರನ್ನು ಕೇಳಬೇಡಿ. ಪ್ರತಿ ಊರಿಗೂ ತನ್ನದೇ ಸರಿ, ಬಿಸಿಬೇಳೆಬಾತಿನ ಹಾಗೆ.

ಹಳೆಯ ಅಡುಗೆಯೇ ಇದು. 1699ರ ಜ್ಯೂರಿಚ್‌ನ ಒಂದು ಅಡುಗೆ ಪುಸ್ತಕದಲ್ಲಿ ಚೀಸನ್ನು ವೈನಿನಲ್ಲಿ ಬೇಯಿಸುವ ಕ್ರಮ ಇದೆ. ಆದರೆ ಇಡೀ ದೇಶದ ಊಟ ಅನ್ನಿಸಿಕೊಂಡದ್ದು 20ನೇ ಶತಮಾನದಲ್ಲಿ. ಚೀಸ್ ಮಾರಾಟ ನೋಡಿಕೊಳ್ಳಲು 1914ರಲ್ಲಿ ಹುಟ್ಟಿದ ಸ್ವಿಸ್ ಚೀಸ್ ಯೂನಿಯನ್ 1930ರ ದಶಕದಲ್ಲಿ ಫಾಂಡ್ಯೂವನ್ನು ಎಲ್ಲ ಕಡೆ ಪ್ರಚಾರ ಮಾಡಿತು. ಆ ಸಂಸ್ಥೆ 1999ರಲ್ಲಿ ಮುಚ್ಚಿತು. ಫಾಂಡ್ಯೂ ಮಾತ್ರ ಮನೆಮನೆಯಲ್ಲಿ ಉಳಿಯಿತು. ಈಗ ಕೆಲವು ಹಳ್ಳಿಗಳಲ್ಲಿ ಚೀಸ್ ಡೈರಿಯ ಹೊರಗೆ ಫಾಂಡ್ಯೂ ಮಿಶ್ರಣದ ಪೊಟ್ಟಣ ಮಾರುವ ಯಂತ್ರವನ್ನೇ ಇಟ್ಟಿರುತ್ತಾರೆ. ರಾತ್ರಿ ದಿಢೀರ್ ಅಂತ ನೆಂಟರು ಬಂದರೂ ತೊಂದರೆಯಿಲ್ಲ.

ನಮ್ಮವರನ್ನು ಕರೆಯುವ ಮೊದಲು ಎರಡು ವಿಷಯ ಬಾಯಿಬಿಟ್ಟು ಹೇಳಲೇಬೇಕು. ಇದನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಒಂದು, ಹೆಪ್ಪಿನ ವಿಷಯ. ಗ್ರುಯೇರ್ ಮಾಡುವಾಗ ಹಾಲು ಒಡೆಸಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಗ್ರುಯೇರ್ ಎಂಬ ಹೆಸರು ಬೇಕಾದರೆ ಈ ಹಳೆಯ ಕ್ರಮ ಬಿಡುವಂತಿಲ್ಲ. ಇಲ್ಲಿನವರು ಚೀಸ್ ಅಂದರೆ ಸಸ್ಯಾಹಾರ ಅಂದುಕೊಳ್ಳುತ್ತಾರೆ. ನಮ್ಮ ಅನೇಕರಿಗೆ ಅದು ಸಸ್ಯಾಹಾರ ಅಲ್ಲ. ತಿಂದಾದ ಮೇಲೆ ಗೊತ್ತಾದರೆ ಎಷ್ಟು ಸಂಕಟ, ಅಲ್ವಾ? ಅದಕ್ಕೆ ಕರೆಯುವಾಗಲೇ ಹೇಳಿಬಿಡುತ್ತೇನೆ. ಬೇಡ ಅಂದವರಿಗೆ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಬಳಸಿದ ಚೀಸ್ ಹುಡುಕುತ್ತೇನೆ. ಪೊಟ್ಟಣದ ಹಿಂದೆ ಬರೆದಿದ್ದರೆ ಸರಿ. ಬರೆದಿಲ್ಲದಿದ್ದರೆ ಅಂಗಡಿಯವರನ್ನು ಕೇಳಬೇಕು. ಚೀಸ್ ಅಂಗಡಿಯವರು ಬೇಸರ ಮಾಡಿಕೊಳ್ಳದೆ ಉತ್ತರ ಕೊಡುತ್ತಾರೆ.

ಇನ್ನೊಂದು, ವೈನ್. ಕುದಿಸಿದರೆ ಆಲ್ಕೋಹಾಲ್ ಎಲ್ಲ ಹಾರಿಹೋಗುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ಹಾಗಲ್ಲ. ಇಷ್ಟು ಕಡಿಮೆ ಹೊತ್ತು ಬಿಸಿ ಮಾಡುವ ಅಡುಗೆಯಲ್ಲಿ ಒಂದಷ್ಟು ಉಳಿದೇ ಉಳಿಯುತ್ತದೆ. ಮೇಲಿಂದ ಕೊನೆಗೆ ಕಿರ್ಶ್ ಎಂಬ ಚೆರಿ ಹಣ್ಣಿನ ಮದ್ಯ ಬೇರೆ ಹಾಕುತ್ತಾರೆ. ಕುಡಿಯದವರು, ಮಕ್ಕಳು ಇದ್ದರೆ ಬೇರೆ ದಾರಿ ಇದೆ. ಅದೂ ಫ್ರಿಬೂರ್ಗಿನದೇ ದಾರಿ. ಇಲ್ಲಿ ವಾಶ್ರ್ಯಾನ್ ಒಂದನ್ನೇ ನೀರಿನಲ್ಲಿ ಕರಗಿಸಿ ಮಾಡುವ ಫಾಂಡ್ಯೂ ಇದೆ. ಅದಕ್ಕೆ ವೈನೂ ಬೇಡ, ಕಿರ್ಶೂ ಬೇಡ. ಯಾರನ್ನೋ ಸಮಾಧಾನ ಮಾಡಲು ಹುಡುಕಿದ ಬದಲಿ ಅಲ್ಲ ಅದು. ಇಲ್ಲಿನ ಹಿರಿಯರು ಆಸೆಪಟ್ಟು ತಿನ್ನುವ ತಿಂಡಿ. ಬ್ರೆಡ್ ಜೊತೆಗೂ ಸರಿ, ಸಿಪ್ಪೆ ಸಮೇತ ಬೇಯಿಸಿದ ಸಣ್ಣ ಆಲೂಗಡ್ಡೆ ಜೊತೆಗಂತೂ ಇನ್ನೂ ಚೆನ್ನ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ರುಚಿ ಇದೇ.

ಈಗ ಅಳತೆ. ಒಬ್ಬರಿಗೆ 200 ಗ್ರಾಂ ಚೀಸ್, ಸುಮಾರು ಅಷ್ಟೇ ಬ್ರೆಡ್. ನಾಲ್ಕು ಜನಕ್ಕೆ 400 ಗ್ರಾಂ ಗ್ರುಯೇರ್, 400 ಗ್ರಾಂ ವಾಶ್ರ್ಯಾನ್, ಮೂರೂವರೆ ಡೆಸಿಲೀಟರ್ ಅಂದರೆ 350 ಮಿಲಿಲೀಟರ್ ಹುಳಿಯಾದ ಬಿಳಿ ವೈನ್, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಒಂದು ಎಸಳು ಬೆಳ್ಳುಳ್ಳಿ. ಇಲ್ಲಿ ಎಲ್ಲರೂ ಶಸ್ಲಾ ದ್ರಾಕ್ಷಿಯ ವೈನ್ ಹಾಕುತ್ತಾರೆ. ವಾಲೇ ಕಡೆ ಅದಕ್ಕೇ ಫಾಂದಾಂ ಅನ್ನುತ್ತಾರೆ. ಉಪ್ಪು ಬೇಡವೇ ಬೇಡ. ಚೀಸಿನಲ್ಲಿ ಇರುವುದೇ ಜಾಸ್ತಿ.

ಪಾತ್ರೆಗೆ ಕಾಕ್ಲೋನ್ ಅನ್ನುತ್ತಾರೆ. ದಪ್ಪ ತಳದ, ಒಂದು ಹಿಡಿ ಇರುವ, ಮಣ್ಣಿನ ಅಥವಾ ಬೀಡಿನ ಪಾತ್ರೆ. ತೆಳ್ಳಗಿನ ಸ್ಟೀಲ್ ಪಾತ್ರೆಯಲ್ಲಿ ತಳ ಹಿಡಿಯುತ್ತದೆ. ಬೆಳ್ಳುಳ್ಳಿ ಕತ್ತರಿಸಿ ಪಾತ್ರೆಯ ಒಳಗೆಲ್ಲ ಉಜ್ಜಬೇಕು. ನಾನು ಎಸಳನ್ನು ಅಲ್ಲೇ ಬಿಡುತ್ತೇನೆ, ಕೆಲವರು ತೆಗೆದುಬಿಡುತ್ತಾರೆ. ತುರಿದ ಗ್ರುಯೇರಿಗೆ ಕಾರ್ನ್‌ಫ್ಲೋರ್ ಬೆರೆಸಿ, ವೈನ್ ಜೊತೆ ಪಾತ್ರೆಗೆ ಹಾಕಿ ಒಲೆಯ ಮೇಲೆ ಮಧ್ಯಮ ಉರಿಯಲ್ಲಿಡಿ. ಆಮೇಲೆ ಕೈ ಬಿಡುವಂತಿಲ್ಲ. ಮರದ ಸೌಟಿನಲ್ಲಿ ಎಂಟರ ಆಕಾರದಲ್ಲಿ ತಿರುಗಿಸುತ್ತಲೇ ಇರಬೇಕು. ಸುಮ್ನೆ ಗುಂಡಗೆ ತಿರುಗಿಸಿದರೆ ಮಧ್ಯದ ಚೀಸ್ ಹಾಗೇ ಕೂತಿರುತ್ತದೆ. ಗ್ರುಯೇರ್ ಪೂರ್ತಿ ಕರಗಿದ ಮೇಲೆ ಉರಿ ಸಣ್ಣ ಮಾಡಿ, ವಾಶ್ರ್ಯಾನ್ ಸಣ್ಣ ತುಂಡು ಮಾಡಿ ಹಾಕಿ. ಅದು ಬೇಗ ಕರಗುತ್ತದೆ, ಜಾಸ್ತಿ ಬಿಸಿ ತಡೆಯುವುದಿಲ್ಲ. ಕೊನೆಗೆ ಬೇಕೆಂದವರು ಒಂದು ಸಣ್ಣ ಲೋಟದಷ್ಟು ಕಿರ್ಶ್. ಮೇಲೆ ಕಾಳುಮೆಣಸು, ಚೂರು ಜಾಯಿಕಾಯಿ. ನೀರಿನ ಫಾಂಡ್ಯೂ ಮಾಡುವಾಗ ಇನ್ನೂ ತಾಳ್ಮೆ ಬೇಕು. 800 ಗ್ರಾಂ ವಾಶ್ರ್ಯಾನಿಗೆ ಎರಡು ಡೆಸಿಲೀಟರಿನಷ್ಟು ನೀರು, ತೀರ ಸಣ್ಣ ಉರಿ. ಕುದಿ ಬರಲೇಬಾರದು. ಮೇಜಿನ ಮೇಲೂ ಅದಕ್ಕೆ ಸಣ್ಣ ಮೇಣದ ಬತ್ತಿಯ ಬಿಸಿ ಸಾಕು.

ವೈನ್ ಹಾಕುವುದು ಘಮಕ್ಕೆ ಮಾತ್ರ ಅಂದುಕೊಳ್ಳಬೇಡಿ. ಚೀಸಿನ ಪ್ರೋಟೀನನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಕ್ಯಾಲ್ಸಿಯಂ. ವೈನಿನ ಹುಳಿ ಆ ಕ್ಯಾಲ್ಸಿಯಮ್ಮನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆಗ ಪ್ರೋಟೀನ್ ಗಂಟು ಕಟ್ಟದೆ ನುಣ್ಣಗೆ ಹರಡುತ್ತದೆ. ಕಾರ್ನ್‌ಫ್ಲೋರ್ ಜಿಡ್ಡು ಬೇರೆಯಾಗದಂತೆ ನೋಡಿಕೊಳ್ಳುತ್ತದೆ. ಇದು ಗೊತ್ತಿದ್ದರೆ ಫಾಂಡ್ಯೂ ಒಡೆದಾಗ ಗಾಬರಿ ಇಲ್ಲ. ಎಣ್ಣೆ ಮೇಲೆ, ರಬ್ಬರಿನಂಥ ಮುದ್ದೆ ಕೆಳಗೆ ಆಗಿದ್ದರೆ ಒಂದು ಚಮಚ ಕಾರ್ನ್‌ಫ್ಲೋರನ್ನು ನಿಂಬೆರಸದಲ್ಲಿ ಕಲಸಿ ಹಾಕಿ. ಒಲೆಯ ಮೇಲಿಟ್ಟು ಜೋರಾಗಿ ತಿರುಗಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಪಿಜ್ಜಾಗೆ ಹಾಕುವ ಮೊಝರೆಲ್ಲಾದಲ್ಲಿ ಇದನ್ನು ಮಾಡಲು ಹೋಗಬೇಡಿ. ಅದು ಎಳೆಯ ಚೀಸ್. ದಾರದ ಹಾಗೆ ಎಳೆಯುತ್ತದೆಯೇ ಹೊರತು ಬ್ರೆಡ್ಡಿಗೆ ಹತ್ತುವುದಿಲ್ಲ.

ಮೇಜಿನ ಮೇಲಿನ ಸಣ್ಣ ಒಲೆಗೆ ರೆಶೋ ಅನ್ನುತ್ತಾರೆ. ಅದಕ್ಕೆ ಹಾಕಲು ನಾನು ಪೇಸ್ಟಿನಂಥ ಇಂಧನ ತರುತ್ತೇನೆ, ದ್ರವ ಸ್ಪಿರಿಟ್ ಬೇಡ. ಒಲೆ ಆರಿತು ಅನ್ನಿಸಿ ಅದು ಬಿಸಿ ಇರುವಾಗಲೇ ಸ್ಪಿರಿಟ್ ಸುರಿದರೆ ಬೆಂಕಿ ಬಾಟಲಿಯವರೆಗೂ ನೆಗೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜ್ವಾಲೆ ಇದ್ದರೂ ಸಾಕು. ಮಕ್ಕಳು ಮೇಜಿನ ಮೇಲೆ ಬಾಗುವ ಊಟ ಇದು. ಪೂರ್ತಿ ತಣ್ಣಗಾದ ಮೇಲೇ ತುಂಬಬೇಕು. ಇದರಲ್ಲಿ ರಾಜಿ ಇಲ್ಲ.

ಇನ್ನು ನಮ್ಮವರ ದೊಡ್ಡ ಪ್ರಶ್ನೆ: ಎಂಜಲು. ಆರು ಜನ ಒಂದೇ ಪಾತ್ರೆಯಲ್ಲಿ ಫೋರ್ಕ್ ಅದ್ದುವುದು ಎಂದರೆ ಎಷ್ಟೋ ಜನರ ಮುಖ ಬಾಡುತ್ತದೆ. ಅದನ್ನು ನಾನು ಹಳೇ ಕಾಲದ ಮಡಿ ಎಂದು ತಳ್ಳಿಹಾಕುವುದಿಲ್ಲ. ಇಲ್ಲಿನ ಕ್ರಮವೂ ಅದನ್ನೇ ಹೇಳುತ್ತದೆ. ಉದ್ದ ಹಿಡಿಯ ಫೋರ್ಕ್ ಪಾತ್ರೆಗೆ ಮಾತ್ರ, ತುಟಿಗೆ ತಾಗಬಾರದು. ಅದ್ದಿದ ತುಂಡನ್ನು ತಟ್ಟೆಗೆ ಜಾರಿಸಿ, ಬೇರೆ ಫೋರ್ಕಿನಲ್ಲಿ ತಿನ್ನಬಹುದು. ಅಭ್ಯಾಸ ಇರುವವರು ತುಟಿ ತಾಗಿಸದೆ ಹಲ್ಲಿನಿಂದ ಬ್ರೆಡ್ ಮಾತ್ರ ಎಳೆದುಕೊಳ್ಳುತ್ತಾರೆ. ಲೋಟಕ್ಕೆ ಬಾಯಿ ತಾಗಿಸದೆ ಎತ್ತಿ ನೀರು ಕುಡಿಯುವ ನಮಗೆ ಇದು ಕಷ್ಟದ ಪಾಠವೇನಲ್ಲ. ನಮ್ಮ ಮನೆಯಲ್ಲಿ ಪ್ರತಿಯೊಬ್ಬರಿಗೂ ಎರಡು ಫೋರ್ಕ್, ಒಂದು ತಟ್ಟೆ. ಕೂರುವ ಮೊದಲೇ ಒಮ್ಮೆ ಮಾಡಿ ತೋರಿಸುತ್ತೇನೆ. ಅಷ್ಟಾದರೆ ಅತ್ತೆ-ಮಾವನ ವಯಸ್ಸಿನವರೂ ಆರಾಮಾಗಿ ಕೈ ಮುಂದೆ ಮಾಡುತ್ತಾರೆ.

ಬ್ರೆಡ್ ಹಿಂದಿನ ದಿನದ್ದಾದರೆ ಒಳ್ಳೆಯದು. ಪ್ರತಿ ತುಂಡಿಗೂ ಒಂದು ಕಡೆ ಗಟ್ಟಿ ಸಿಪ್ಪೆ ಇರಬೇಕು. ಮೆತ್ತಗಿನ ಕಡೆಯಿಂದ ಚುಚ್ಚಿ ಸಿಪ್ಪೆಯವರೆಗೆ ಫೋರ್ಕ್ ಇಳಿಸಿದರೆ ತುಂಡು ಬೀಳುವುದಿಲ್ಲ. ಬಿದ್ದರೆ ದಂಡ ಇದೆ! ಪಕ್ಕದವರಿಗೆ ಮುತ್ತು ಕೊಡುವುದು, ಹಾಡು ಹೇಳುವುದು, ಪಾತ್ರೆ ತೊಳೆಯುವುದು, ಹೀಗೆ ಮನೆಗೊಂದು ನಿಯಮ. ನಮ್ಮಲ್ಲಿ ಹಾಡು. ಮೇಲಿನ ಮನೆಯ ವಯಸ್ಸಾದ ಸ್ವಿಸ್ ದಂಪತಿ ಬಂದಾಗ ಅವರ ಹಳ್ಳಿಯ ಹಾಡು, ನಮ್ಮ ಸ್ನೇಹಿತರ ಭಾವಗೀತೆ ಎಲ್ಲ ಒಂದೇ ರಾತ್ರಿ ಕೇಳಿದ್ದೇವೆ. ಅದ್ದುವಾಗ ತಳದವರೆಗೂ ಇಳಿಸಿ ಒಮ್ಮೆ ತಿರುಗಿಸಬೇಕು. ಹಾಗೆ ಪ್ರತಿಯೊಬ್ಬರೂ ಪಾತ್ರೆ ನೋಡಿಕೊಂಡ ಹಾಗಾಗುತ್ತದೆ. ಯಾರೂ ತಿರುಗಿಸದಿದ್ದರೆ ಚೀಸ್ ಗಟ್ಟಿಯಾಗುತ್ತದೆ.

ಪಕ್ಕದಲ್ಲಿ ಉಪ್ಪು-ವಿನಿಗರ್‌ನಲ್ಲಿ ನೆನೆಸಿದ ಎಳೆ ಸೌತೆ, ಪುಟ್ಟ ಈರುಳ್ಳಿ ಇಡುವುದು ರೂಢಿ. ನಾನು ಮಾವಿನ ಉಪ್ಪಿನಕಾಯಿಯನ್ನೂ ಇಡುತ್ತೇನೆ. ಆದರೆ ಪಾತ್ರೆಯ ಒಳಗೆ ಹಸಿಮೆಣಸು, ಜೀರಿಗೆ ಹಾಕುವುದು ನನಗೆ ಒಪ್ಪಿಗೆ ಇಲ್ಲ. ತಿಂಗಳುಗಟ್ಟಲೆ ಮಾಗಿಸಿದ ಚೀಸಿನ ರುಚಿ ಅದರಲ್ಲಿ ಮುಳುಗಿಹೋಗುತ್ತದೆ. ಖಾರ ಬೇಕಾದವರು ತಟ್ಟೆಯಲ್ಲಿ ಕಾಳುಮೆಣಸಿನ ಪುಡಿ ಹಾಕಿಕೊಂಡು ಅದಕ್ಕೆ ಒತ್ತಿ ತಿನ್ನಲಿ.

ಕುಡಿಯಲು ಬಿಳಿ ವೈನ್, ಇಲ್ಲವೇ ಬಿಸಿ ಕಪ್ಪು ಚಹಾ. ತಣ್ಣೀರು ಕುಡಿದರೆ ಚೀಸ್ ಹೊಟ್ಟೆಯಲ್ಲಿ ಗಡ್ಡೆ ಕಟ್ಟುತ್ತದೆ, ವೈನ್ ಜೀರ್ಣಕ್ಕೆ ಒಳ್ಳೆಯದು ಅಂತ ಇಲ್ಲಿನ ಹಿರಿಯರ ನಂಬಿಕೆ. 2010ರಲ್ಲಿ ಜ್ಯೂರಿಚ್‌ನ ವೈದ್ಯರು 20 ಜನರಿಗೆ ಫಾಂಡ್ಯೂ ಕೊಟ್ಟು ಪರೀಕ್ಷೆ ಮಾಡಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಚಹಾ ಕುಡಿದವರಿಗಿಂತ ವೈನ್ ಕುಡಿದಾಗ ಹೊಟ್ಟೆ ಖಾಲಿಯಾಗುವುದು ನಿಧಾನ ಎಂದು ಕಂಡಿತು. ಹಾಗಾಗಿ ಚಹಾ ಕೇಳುವ ಅತಿಥಿಗೆ ಸಂಕೋಚ ಬೇಕಿಲ್ಲ. ಹಾಲು ಜೀರ್ಣವಾಗದ ಹಿರಿಯರೂ ಸಾಮಾನ್ಯವಾಗಿ ಗ್ರುಯೇರಿನಂಥ ಮಾಗಿದ ಚೀಸ್ ತಿನ್ನಬಹುದು. ಮಾಗುವಾಗ ಅದರ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಹೆಚ್ಚುಕಮ್ಮಿ ಇಲ್ಲವಾಗುತ್ತದೆ.

ಪಾತ್ರೆ ಖಾಲಿಯಾಗುತ್ತಾ ಬಂದಾಗ ತಳದಲ್ಲಿ ಹೊಂಬಣ್ಣದ ಚೀಸಿನ ಹಪ್ಪಳ ಅಂಟಿರುತ್ತದೆ. ಅದಕ್ಕೆ ರೆಲಿಜಿಯೂಸ್ ಅನ್ನುತ್ತಾರೆ. ಅದನ್ನು ಚಾಕುವಿನಿಂದ ಎಬ್ಬಿಸಿ ಎಲ್ಲರಿಗೂ ಹಂಚಬೇಕು. ಮಕ್ಕಳಿದ್ದರೆ ಅವರಿಗೇ ದೊಡ್ಡ ಪಾಲು. ಆಮೇಲೆ ಭಾರಿ ಸಿಹಿ ಏನೂ ಬೇಡ, ಅನಾನಸ್ ಅಥವಾ ಕಿತ್ತಳೆ ಹೆಚ್ಚಿಟ್ಟರೆ ಸಾಕು.

ಬಂದವರ ಕೋಟು, ಶಾಲು ಮೊದಲೇ ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಿ. ಚೀಸಿನ ವಾಸನೆ ಉಣ್ಣೆಗೆ ಹತ್ತಿದರೆ ದಿನಗಟ್ಟಲೆ ಹೋಗುವುದಿಲ್ಲ. ಉಳಿದ ಫಾಂಡ್ಯೂವನ್ನು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮರುದಿನ ಬ್ರೆಡ್ ಮೇಲೆ ಹಚ್ಚಿ ಓವನ್‌ನಲ್ಲಿ ಸುಡಬಹುದು. ಕಾಕ್ಲೋನ್ ತಣ್ಣಗಾದ ಮೇಲೆ ತಣ್ಣೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಬಿಸಿ ಇರುವಾಗ ತಣ್ಣೀರು ಸುರಿದರೆ ಮಣ್ಣಿನ ಪಾತ್ರೆ ಸೀಳುತ್ತದೆ.