ವಿಡಿಯೊ ಇಲ್ಲದ ಹ್ಯಾರಿ ಗ್ರೆಬ್ ಮತ್ತು ನಮ್ಮಜ್ಜ

ಬಾಕ್ಸಿಂಗ್ ರಿಂಗಿನಲ್ಲಿ ಮಾರ್ವಿನ್ ಹ್ಯಾಗ್ಲರ್ ಮತ್ತು ಕಾರ್ಲೋಸ್ ಮೊನ್ಸೋನ್ ಎಂಬ ಇಬ್ಬರು ಮಿಡಲ್‌ವೇಟ್ ಚಾಂಪಿಯನ್ನರು ಎದುರುಬದುರಾಗಿದ್ದರೆ ಯಾರು ಗೆಲ್ಲುತ್ತಿದ್ದರು? ಪುಣೆಯ ಖಡಕಿಯಲ್ಲಿರುವ ನಮ್ಮ ಸೊಸೈಟಿಯಲ್ಲಿ ಈ ವಾದಕ್ಕೆ ಕೊನೆಯೇ ಇಲ್ಲ. ಎದುರು ಮನೆಯ ಕಾಕಾ ವಿಜಯಪುರದ ಕಡೆಯವರು, ಸೈನ್ಯದ ಬಾಂಬೆ ಸ್ಯಾಪರ್ಸ್ ಪಡೆಯಿಂದ ನಿವೃತ್ತರಾದವರು, ಪಲ್ಟನ್ನಿನಲ್ಲಿ ಮಿಡಲ್‌ವೇಟ್ ಆಡಿದವರು. ಬಾಕ್ಸಿಂಗ್ ನೋಡುವುದನ್ನು ನನಗೆ ಕಲಿಸಿದ್ದೇ ಅವರು. ಶನಿವಾರ ಸಂಜೆ ಅವರ ಮನೆಯಲ್ಲಿ ಚಹಾ, ಚುರಮುರಿ, ಆಮೇಲೆ ಮೊನ್ಸೋನ್.

"ಹದಿನಾಲ್ಕು ಸಲ ಪಟ್ಟ ಉಳಿಸ್ಕೊಂಡಾನ. 1964ರ ಮ್ಯಾಗ ಒಮ್ಮೀನೂ ಸೋತಿಲ್ಲ. ಇನ್ನೇನ ಬೇಕ ನಿನಗ?" ಎನ್ನುತ್ತಾರೆ ಕಾಕಾ. 1970ರಲ್ಲಿ ರೋಮಿಗೇ ಹೋಗಿ, ಅಲ್ಲಿನ ಜನರ ಕಣ್ಣೆದುರೇ ಅವರದೇ ಚಾಂಪಿಯನ್ ಬೆನ್ವೆನುಟಿಯನ್ನು ಹನ್ನೆರಡನೆಯ ರೌಂಡಿನಲ್ಲಿ ಮಲಗಿಸಿದ ಅರ್ಜೆಂಟೀನಾದವನು. ಎತ್ತರದ ಆಳು, ಉದ್ದನೆಯ ತೋಳು. ಎಡಗೈಯಿಂದ ದೂರ ಇಟ್ಟೇ ದಣಿಸಿ, ಬಲಗೈಯಿಂದ ಮುಗಿಸುತ್ತಿದ್ದ.

ನನ್ನ ಮತ ಹ್ಯಾಗ್ಲರ್‌ಗೆ. 1985ರ ಏಪ್ರಿಲ್ 15ರಂದು ಲಾಸ್ ವೇಗಾಸ್‌ನಲ್ಲಿ ಥಾಮಸ್ ಹರ್ನ್ಸ್ ಜೊತೆ ಅವನು ಆಡಿದ ಎಂಟು ನಿಮಿಷ ನೋಡಿದವರಿಗೆ ಬೇರೆ ವಾದ ಬೇಕಿಲ್ಲ. ಹಣೆ ಒಡೆದು ರಕ್ತ ಸುರಿಯುತ್ತಿದೆ, ಡಾಕ್ಟರು ಗಾಯ ನೋಡಿ ಆಡಲು ಬಿಟ್ಟಿದ್ದಾರೆ. ಇನ್ನು ತಡಮಾಡಿದರೆ ಪಂದ್ಯ ನಿಲ್ಲಿಸಿಬಿಟ್ಟಾರು ಎಂದು ಅರಿತವನ ಹಾಗೆ ನುಗ್ಗಿ ಮೂರನೆಯ ರೌಂಡಿನಲ್ಲೇ ಮುಗಿಸಿದ. ಅವನ 67 ಪಂದ್ಯಗಳಲ್ಲಿ ಅವನನ್ನು ನಾಕೌಟ್ ಮಾಡಿದವರು ಯಾರೂ ಇಲ್ಲ. ಮೊನ್ಸೋನ್ 1977ರಲ್ಲಿ ಕೈಗವಸು ಬಿಚ್ಚಿಟ್ಟ, ಹ್ಯಾಗ್ಲರ್ 1980ರಲ್ಲಿ ಚಾಂಪಿಯನ್ ಆದ. ಇಬ್ಬರ ನಡುವೆ ಬರೀ ಮೂರು ವರ್ಷದ ಅಂತರ. ಹೊಟ್ಟೆ ಉರಿಸುವುದು ಅದೇ.

ಇಂಥ ಪಂದ್ಯ ಕಟ್ಟುವ ಮೊದಲು ಕರಾರು ಆಗಬೇಕು. ಹದಿನೈದು ರೌಂಡೋ, ಹನ್ನೆರಡೋ? 1987ರಲ್ಲಿ ಶುಗರ್ ರೇ ಲಿಯೊನಾರ್ಡ್ ಹನ್ನೆರಡೇ ಇರಲಿ ಎಂದು ಹಟ ಹಿಡಿದ, ಹ್ಯಾಗ್ಲರ್ ಒಪ್ಪಿದ, ಮೂವರು ತೀರ್ಪುಗಾರರು ಇಬ್ಬರು ಆಚೆ, ಒಬ್ಬರು ಈಚೆ ಎಂದು ಒಡೆದ ತೀರ್ಪಿನಲ್ಲಿ ಗೆಲುವನ್ನು ಲಿಯೊನಾರ್ಡ್‌ಗೆ ಕೊಟ್ಟರು. ಇನ್ನು ಮೂರು ರೌಂಡು ಇದ್ದಿದ್ದರೆ ಎಂದು ನಾನು ಈಗಲೂ ಕೊರಗುತ್ತೇನೆ. ತೂಕದ್ದೂ ತಕರಾರಿದೆ. ಮಿಡಲ್‌ವೇಟ್ ಅಂದರೆ 160 ಪೌಂಡ್, ಸುಮಾರು 72.5 ಕಿಲೊ. ಹಿಂದೆ ಆಡುವ ದಿನವೇ ತೂಗುತ್ತಿದ್ದರು. ಈಗ ಹಿಂದಿನ ದಿನ ತೂಗುತ್ತಾರೆ, ರಾತ್ರಿ ಕಳೆಯುವುದರೊಳಗೆ ನೀರು, ಊಟ ಸೇರಿ ಮೈ ಮತ್ತೆ ತುಂಬಿಕೊಳ್ಳುತ್ತದೆ. ಇತ್ತೀಚಿನ ಚಾಂಪಿಯನ್ ಗೊಲೊವ್ಕಿನ್ ಮತ್ತು 1950ರ ದಶಕದ ಚಾಂಪಿಯನ್ ಶುಗರ್ ರೇ ರಾಬಿನ್ಸನ್ ಆಡಬೇಕಾದರೆ ಯಾರ ಕಾಲದ ತಕ್ಕಡಿಯಲ್ಲಿ ನಿಲ್ಲಿಸಬೇಕು? ಇದನ್ನು ತೀರ್ಮಾನಿಸದೆ ಮಾಡುವ ವಾದಕ್ಕೆ ಬೆಲೆಯಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಾಕಾಗೂ ನನಗೂ ಹೊಂದುವುದಿಲ್ಲ. ಮೊನ್ಸೋನ್ ತನ್ನ ಮಗನ ತಾಯಿ ಅಲಿಸಿಯಾ ಮುನಿಸ್‌ಳನ್ನು 1988ರಲ್ಲಿ ಕೊಂದು ಜೈಲಿಗೆ ಹೋದವನು. "ರಿಂಗಿನ್ಯಾಗಿಂದಷ್ಟ ನೋಡು" ಎನ್ನುತ್ತಾರೆ ಅವರು. ನನಗೆ ಆಗುವುದಿಲ್ಲ. ಅವನ ಎಡಗೈಯ ಚೆಂದ ಹೊಗಳುವಾಗೆಲ್ಲ ಅವಳ ಹೆಸರನ್ನೂ ಹೇಳಬೇಕು ಅನ್ನಿಸುತ್ತದೆ.

ಕಳೆದ ವಾರ ಕಾಕಾ ಈ ವಾದಕ್ಕೆ ಹ್ಯಾರಿ ಗ್ರೆಬ್‌ನನ್ನು ತಂದರು. ಪಿಟ್ಸ್‌ಬರ್ಗ್‌ನವನು, 1923ರಿಂದ 1926ರವರೆಗೆ ಚಾಂಪಿಯನ್. ಹೆಚ್ಚುಕಡಿಮೆ 300 ಪಂದ್ಯ ಆಡಿದವನು, 1919 ಒಂದೇ ವರ್ಷದಲ್ಲಿ 45. ಮುಂದೆ ಹೆವಿವೇಟ್ ಚಾಂಪಿಯನ್ ಜಾಕ್ ಡೆಂಪ್ಸಿಯನ್ನೇ ಸೋಲಿಸಿದ ಜೀನ್ ಟನಿ ತನ್ನ ಜೀವಮಾನದಲ್ಲಿ ಸೋತದ್ದು ಒಂದೇ ಸಲ, 1922ರಲ್ಲಿ, ತನಗಿಂತ ಸಣ್ಣ ಆಳಾದ ಈ ಗ್ರೆಬ್‌ಗೆ. ಆಮೇಲಾಮೇಲೆ ಒಂದು ಕಣ್ಣು ಕಾಣದಿದ್ದರೂ ಯಾರಿಗೂ ಹೇಳದೆ ಆಡಿದ. 32ಕ್ಕೇ ಸತ್ತ. ಅವನು ಅಭ್ಯಾಸ ಮಾಡುವ ತುಣುಕು ಉಳಿದಿದೆ, ಪಂದ್ಯದ್ದು ಒಂದೂ ಸಿಕ್ಕಿಲ್ಲ.

ಕಾಕಾನ ಮೊಮ್ಮಗಳು ಅಲ್ಲೇ ಕೂತು ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಅಪ್ಪಟ ವಿಜಯಪುರದ ಮಾತು. ಬಾಕ್ಸಿಂಗ್ ಕಲಿಯುತ್ತಿದ್ದಾಳೆ. ಅವಳ ಪಾಲಿಗೆ ದೊಡ್ಡವರೆಂದರೆ 2008ರ ಬೀಜಿಂಗ್‌ನಲ್ಲಿ ಕಂಚು ಗೆದ್ದ ವಿಜೇಂದರ್, 2023ರಲ್ಲಿ ದಿಲ್ಲಿಯಲ್ಲಿ ವಿಶ್ವ ಚಾಂಪಿಯನ್ ಆದ ಲವ್ಲೀನಾ. ಇಬ್ಬರೂ 75 ಕಿಲೊದವರು, ಇಬ್ಬರ ಆಟವೂ ಫೋನಿನಲ್ಲೇ ಸಿಗುತ್ತದೆ.

"ವಿಡಿಯೊನ ಇಲ್ಲಂದ್ರ ಅಂವ ಭಾರಿ ಇದ್ದಾ ಅಂತ ಹೆಂಗ ಹೇಳ್ತಿ ಅಜ್ಜಾ?"

ಕಾಕಾ ಸಮಾಧಾನದಿಂದ ವಿವರಿಸಿದರು. ಆ ಕಾಲದಲ್ಲಿ ಅಮೆರಿಕದ ಎಷ್ಟೋ ಕಡೆ ಪಂದ್ಯಕ್ಕೆ ಅಧಿಕೃತ ತೀರ್ಪು ಕೊಡುವ ಹಾಗಿರಲಿಲ್ಲ. ಕೊನೆಯವರೆಗೆ ಇಬ್ಬರೂ ನಿಂತಿದ್ದರೆ ಯಾರೂ ಗೆದ್ದಂತಲ್ಲ. ಹಾಗಾಗಿ ಮರುದಿನದ ಪತ್ರಿಕೆಯೇ ತೀರ್ಪು. ರಿಂಗಿನ ಪಕ್ಕ ಕೂತ ವರದಿಗಾರರು ಪಂದ್ಯ ಹೇಗೆ ನಡೆಯಿತು, ಯಾರು ಮೇಲಾದರು ಎಂದು ಬರೆಯುತ್ತಿದ್ದರು. ಗ್ರೆಬ್‌ನ ಲೆಕ್ಕದ ಬಹುಪಾಲು ಗೆಲುವುಗಳು ಹಾಗೆ ಪತ್ರಿಕೆಯವರು ಕೊಟ್ಟವು.

"ಅಂದ್ರ ಬರದಿಟ್ಟಾರ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮಾಮಾ, ನಿಮ್ಮಜ್ಜಾರೂ ಪೈಲ್ವಾನ್ ಇದ್ರಂತಲ್ಲ? ಅವರು ಯಾರ ಜೋಡಿ ಆಡಿದ್ರು? ಅದನ್ನ ಯಾರ ಬರದಿಟ್ಟಾರ?"

ಕಾಕಾ ಸುಮ್ಮನಾದರು. ನನ್ನಲ್ಲೂ ಉತ್ತರವಿರಲಿಲ್ಲ.

ನಮ್ಮ ಊರು ಸವದತ್ತಿಯ ಕಡೆ. ಅಜ್ಜ ಜಾತ್ರೆಯ ಕುಸ್ತಿಗಳಲ್ಲಿ ಬೆಳ್ಳಿ ಕಡೆ ಗೆದ್ದಿದ್ದ, ಕೊಲ್ಲಾಪುರಕ್ಕೂ ಹೋಗಿ ಖಾಸಬಾಗ್ ಮೈದಾನದಲ್ಲಿ ಆಡಿದ್ದ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಯಾವ ವರ್ಷ, ಯಾರ ಎದುರು, ಯಾವ ಪಟ್ಟು ಹಾಕಿ ಚಿತ್ ಮಾಡಿದ? ಒಂದಕ್ಕೂ ಉತ್ತರವಿಲ್ಲ. ಒಂದು ಫೋಟೊ ಕೂಡ ಇಲ್ಲ. ಸಣ್ಣವನಿದ್ದಾಗ ನಾನು ನೋಡಿದ್ದು ಅವನ ಮುರುಟಿದ ಕಿವಿಗಳನ್ನು, ಊರ ಗರಡಿ ಮನೆಯ ಕೆಂಪು ಮಣ್ಣನ್ನು. ಆ ಮಣ್ಣಿಗೆ ಅವನು ಎಣ್ಣೆ, ಅರಿಶಿನ ಬೆರೆಸಿ ಹದ ಮಾಡುತ್ತಿದ್ದ. ಈಗ ಗರಡಿ ಮನೆಯಲ್ಲಿ ಗೊಬ್ಬರದ ಚೀಲ ಇಟ್ಟಿದ್ದಾರೆ.

ಇಲ್ಲಿ ಪುಣೆಯ ಪೇಟೆಯೊಳಗಿನ ಹಳೆಯ ತಾಲೀಮಿಗೆ, ಅಂದರೆ ಗರಡಿ ಮನೆಗೆ, ಹೋದರೆ ಗೋಡೆಯ ತುಂಬ ಫೋಟೊ. ಹೆಸರು, ಇಸವಿ, ಗೆದ್ದ ಗದೆ. ಊರಿಗೆ ಬರುವ ಹೆದ್ದಾರಿಯಲ್ಲಿ ಕರಾಡ ದಾಟುವಾಗೆಲ್ಲ ನನಗೆ ಖಾಶಾಬಾ ಜಾಧವ್ ನೆನಪಾಗುತ್ತಾರೆ. ಪಕ್ಕದ ಗೋಳೇಶ್ವರದ ಆ ಮನುಷ್ಯ 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಅವರಿಗೂ ಬದುಕಿದ್ದಾಗ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ, ಅರ್ಜುನ ಪ್ರಶಸ್ತಿ ಬಂದದ್ದು ತೀರಿಕೊಂಡ ಎಷ್ಟೋ ವರ್ಷದ ಮೇಲೆ. ಆದರೂ ಅವರ ಕುಸ್ತಿಯ ದಾಖಲೆ ಇದೆ. ಯಾವುದೇ ಕಾಲದ ಯಾವುದೇ ಪೈಲ್ವಾನನ ಎದುರು ಅವರನ್ನು ನಿಲ್ಲಿಸಿ ನೀವು ವಾದ ಮಾಡಬಹುದು. ಬೆಳಗಾವಿ, ಧಾರವಾಡ, ವಿಜಯಪುರದ ಹಳ್ಳಿಗಳಿಂದ ಹೋಗಿ ಅದೇ ಕೊಲ್ಲಾಪುರದ ಮಣ್ಣಿನಲ್ಲಿ ಬೆವರು ಸುರಿಸಿದ ನಮ್ಮವರಲ್ಲಿ ಎಷ್ಟೋ ಜನರನ್ನು ನಿಲ್ಲಿಸಲು ಬರುವುದಿಲ್ಲ. ಹೆಸರೇ ಉಳಿದಿಲ್ಲ. ನಾವು ಅವರನ್ನು ಹೆಗಲ ಮೇಲೆ ಹೊತ್ತು ಹಲಗೆ ಬಾರಿಸಿದೆವು, ಒಂದು ಸಾಲು ಬರೆದಿಡಲಿಲ್ಲ. ಇದು ನನಗೆ ನೋವು ಕೊಡುತ್ತದೆ.

ಮರುದಿನವೇ ತಮ್ಮನಿಗೆ ಫೋನ್ ಮಾಡಿ ಊರ ಹಿರಿಯರನ್ನು ಕೇಳಲು ಹೇಳಿದೆ. ಒಬ್ಬರು ಮಾತ್ರ ನೆನಪಿಸಿಕೊಂಡರಂತೆ. ಸಾಂಗ್ಲಿ ಕಡೆಯ ಪೈಲ್ವಾನ, ದೊಡ್ಡ ಆಳು, ನವಿಲುತೀರ್ಥದ ಡ್ಯಾಮು ಕಟ್ಟುವುದಕ್ಕಿಂತ ಮೊದಲು, ಯಲ್ಲಮ್ಮನ ಜಾತ್ರೆ ಮುಗಿದ ಮೇಲೆ. ಬಹಳ ಹೊತ್ತು ಹಿಡಿದಾಡಿದರಂತೆ, ಕೊನೆಗೆ ಸಮ ಬಿಟ್ಟರಂತೆ. ಸಾಂಗ್ಲಿಯವನ ಹೆಸರು ಅವರಿಗೂ ನೆನಪಿಲ್ಲ. ಮೊಮ್ಮಗಳು ಇದಿಷ್ಟನ್ನೂ ತನ್ನ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು, ಹೆಸರಿನ ಜಾಗ ಖಾಲಿ ಬಿಟ್ಟಿದ್ದಾಳೆ. ಅದರ ಕೆಳಗೆ ತನ್ನಜ್ಜನ ಪಲ್ಟನ್ನಿನ ಪಂದ್ಯಗಳನ್ನೂ ಒಂದೊಂದಾಗಿ ಕೇಳಿ ಬರೆಯುತ್ತಿದ್ದಾಳೆ.

ಊರಲ್ಲಿ ಇದನ್ನು ಓದುತ್ತಿರುವವರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಆ ಕಾಲದ ಕುಸ್ತಿ ನೋಡಿದ ಹಿರಿಯರಿದ್ದರೆ ಈ ವಾರವೇ ಪಕ್ಕದಲ್ಲಿ ಕೂತು ಕೇಳಿ. ಯಾರು, ಯಾರ ಜೋಡಿ, ಯಾವ ಜಾತ್ರೆ, ಯಾವ ಪಟ್ಟು. ಡ್ಯಾಮು ಕಟ್ಟುವ ಮೊದಲು ಸವದತ್ತಿ ಕಡೆ ಬಂದು ಆಡಿದ ಸಾಂಗ್ಲಿಯ ದೊಡ್ಡ ಆಳಿನ ಹೆಸರು ಗೊತ್ತಿದ್ದವರು ಸಿಕ್ಕರೆ ದಯವಿಟ್ಟು ನನಗೆ ತಿಳಿಸಿ.