ಹಿಮದೊಳಗಿನ ಧೂಳು

ರಾತ್ರಿ ನಿದ್ದೆ ಬರ್ದೆ ಏನೋ ಓದ್ತಾ ಕೂತಿದ್ದೆ, ಐಸ್ ಕೋರ್ ಫೋಟೋ ಒಂದು ಸಿಕ್ತು. ಹಿಮನದಿ ಕೊರೆದು ತೆಗೆದ, ಉದ್ದನೆ ಕಂಬದ ಥರ ಮಂಜುಗಡ್ಡೆ, ಮಧ್ಯೆ ಮಧ್ಯೆ ಕಂದು ಗೆರೆ. ಆ ಗೆರೆ ಬೇರೇನೂ ಅಲ್ಲ, ಬರೀ ಧೂಳು! ಒಣಗಾಲದಲ್ಲಿ ಗಾಳಿ ಹೊತ್ಕೊಂಡ್ ಬಂದು ಉದುರಿಸಿದ್ದು, ಅದರ ಮೇಲೆ ಮತ್ತೆ ಹಿಮ ಬಿದ್ದು ಒತ್ತಿ ಒತ್ತಿ ಗಡ್ಡೆ ಆಗಿ ಧೂಳು ಅಲ್ಲೇ ಲಾಕ್. 1997ರಲ್ಲಿ ಹಿಮನದಿ ವಿಜ್ಞಾನಿ ಲಾನಿ ಥಾಂಪ್ಸನ್ ಟೀಮ್ ಟಿಬೆಟ್‌ನ ದಾಸುಒಪು ಹಿಮನದಿ ಮೇಲೆ, ಸುಮಾರು 7200 ಮೀಟರ್ ಎತ್ತರದಲ್ಲಿ (ಉಸಿರಾಡೋದೇ ಕಷ್ಟ ಅಲ್ಲಿ, ಇವರು ಡ್ರಿಲ್ ಮಾಡಿದಾರೆ) ಕೊರೆದು ತೆಗೆದ ಐಸಲ್ಲಿ 1790ರಿಂದ 1796ರ ಪದರದಲ್ಲಿ ಧೂಳು ಸಿಕ್ಕಾಪಟ್ಟೆ ಜಾಸ್ತಿ. ಅದೇ ಟೈಮಲ್ಲಿ ಭಾರತದಲ್ಲಿ ಮಳೆ ಕೈಕೊಟ್ಟು ಭೀಕರ ಬರ. ಜನ ಆಕಾಶ ನೋಡ್ತಾ ಕೂತಿದ್ದ ವರ್ಷಗಳು ಹಿಮದಲ್ಲಿ ಗುರುತು ಬಿಟ್ಟು ಹೋಗಿವೆ.

2021ರ ಫೆಬ್ರವರಿಯಲ್ಲಿ ಸಹಾರಾ ಧೂಳು ಬಿದ್ದು ಆಲ್ಪ್ಸ್ ಹಿಮ ಕಿತ್ತಳೆ ಬಣ್ಣಕ್ಕೆ ತಿರುಗಿತ್ತಲ್ಲ, ಅದೂ ಇದೇ ಕಥೆ. ಆದ್ರೆ ಮಾಸಿದ ಹಿಮ ಬಿಸಿಲು ಜಾಸ್ತಿ ಹೀರ್ಕೊಂಡು ಬೇಗ ಕರಗುತ್ತೆ, ಆ ನೀರು ಒಳಗಿಳಿದ್ರೆ ಯಾವ ಪದರ ಯಾವ ವರ್ಷದ್ದು ಅನ್ನೋ ಲೆಕ್ಕನೂ ಕಲಸಿಹೋಗುತ್ತೆ.

ಬೆಳಗ್ಗೆ ಶೆಲ್ಫ್ ಒರೆಸೋಕೆ ಬಟ್ಟೆ ಹಿಡ್ಕೊಂಡು ಎರಡು ನಿಮಿಷ ಸುಮ್ನೆ ನಿಂತುಬಿಟ್ಟೆ.